ಎಲ್ಲಾ ಕಪ್ಪು ಪೈಪೂ ಒಂದೇ ರಬ್ಬರ್ ಅಲ್ಲ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕಾರಿನೊಳಗೆ ಪೆಟ್ರೋಲ್ ವಾಸನೆ ಬಂತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು ಇದ್ದರು. ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಇಬ್ಬರನ್ನೂ ಇಳಿಸಿ ದೂರ ಕೂರಿಸಿ, ಬಾನೆಟ್ ಎತ್ತಿದೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ಉಗುರಿನಷ್ಟು ಉದ್ದದ ಸೀಳು. ಅದರ ಬಾಯಲ್ಲಿ ಒಂದು ಹನಿ ತುಂಬಿಕೊಂಡು ನಿಂತಿತ್ತು. ಕೆಳಗೆ ಬಿಸಿ ಇಂಜಿನ್.

ನಮ್ಮದು 1998ರ ಮಾರುತಿ 800. ಅಪ್ಪ ಕೊಂಡ ಗಾಡಿ. ಆ ಪೈಪೇನೂ ಹಳೇದಲ್ಲ, 8 ತಿಂಗಳ ಹಿಂದೆ ನಾನೇ ತಂದು ಹಾಕಿದ್ದೆ. "ಪೆಟ್ರೋಲ್ ಪೈಪ್ ಕೊಡಿ ಅಣ್ಣ" ಅಂತ ಕೇಳಿದ್ದಕ್ಕೆ ಅಂಗಡಿಯವರು ಸುರುಳಿಯಿಂದ ಒಂದಡಿ ಕತ್ತರಿಸಿ ಕೊಟ್ಟಿದ್ದರು. ಅದರ ಮೈಮೇಲೆ ಒಂದಕ್ಷರವೂ ಇರಲಿಲ್ಲ. ಇಂಜಿನ್ ಪೂರ್ತಿ ಆರುವ ತನಕ ಕಾದು, ಸೀಳಿದ ತುದಿ ಕತ್ತರಿಸಿ ಮತ್ತೆ ಕೂರಿಸಿದೆ. ಸಕಲೇಶಪುರದಲ್ಲಿ ಒಂದು ಗ್ಯಾರೇಜಿನಲ್ಲಿ ಬೇರೆ ಪೈಪ್ ಹಾಕಿಸಿಕೊಂಡು ಹಾಸನಕ್ಕೆ ಬಂದೆವು.

ಬಾನೆಟ್ ಕೆಳಗಿನ ಒಂದೊಂದು ಪೈಪನ್ನೂ ತಿಳಿದುಕೊಂಡೇ ಹಾಕಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ನೋಡಲು ಎಲ್ಲವೂ ಕಪ್ಪು. ಆದರೆ ಒಂದರೊಳಗೆ ಪೆಟ್ರೋಲ್, ಇನ್ನೊಂದರಲ್ಲಿ ಇಂಜಿನ್ ತಣಿಸುವ, ಕುದಿಯುವಷ್ಟು ಬಿಸಿಯ ಕೂಲಂಟ್, ಮತ್ತೊಂದರಲ್ಲಿ ಆಯಿಲ್ ಹಬೆ. ಒಂದಕ್ಕೆ ಒಗ್ಗುವ ರಬ್ಬರ್ ಇನ್ನೊಂದರಲ್ಲಿ ಹಾಳಾಗುತ್ತದೆ.

ಓದಿದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಮುಚ್ಚಳ ಭದ್ರವಾಗಿರುವ ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ, ನಾಲ್ಕು ಬಗೆಯ ಪೈಪಿನ ತುಂಡು ಮುಳುಗಿಸಿ, ಮನೆಯಿಂದ ದೂರ ನೆರಳಲ್ಲಿ ಇಟ್ಟೆ. 3 ದಿನ ಬಿಟ್ಟು ತೆಗೆದಾಗ ನೀಲಿ ಸಿಲಿಕೋನ್ ತುಂಡು ಊದಿ ದಪ್ಪವಾಗಿತ್ತು. ಉಗುರಿನಿಂದ ಗೀರಿದರೆ ನೆನೆದ ರೊಟ್ಟಿಯ ಹಾಗೆ ಕಿತ್ತು ಬಂತು. ರೇಡಿಯೇಟರ್ ಪೈಪಿನ ಇಪಿಡಿಎಂ ರಬ್ಬರ್ ಕೂಡ ಊದಿ ಮೆತ್ತಗಾಗಿತ್ತು. ಎಣ್ಣೆಗೆ ಒಗ್ಗುವ ನೈಟ್ರೈಲ್ ರಬ್ಬರಿನ ತುಂಡು ಸ್ವಲ್ಪ ಉಬ್ಬಿತ್ತು, ಅಷ್ಟೇ. ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ ತುಂಡಿನ ಒಳಗೋಡೆ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಇದನ್ನೇ ಅಂಗಡಿಗಳಲ್ಲಿ ವೈಟಾನ್ ಅಂತ ಕರೆಯುತ್ತಾರೆ.

ಆದ್ದರಿಂದ ಪೆಟ್ರೋಲಿಗೆ ಈ ಫ್ಲೋರೋ ಒಳಪದರದ ಪೈಪೇ ಹಾಕಿದೆ. ಮೈಮೇಲೆ 'ಎಸ್‌ಎಇ ಜೆ30 ಆರ್9' ಅಂತ ಪೈಪಿನ ದರ್ಜೆ ಅಚ್ಚಾಗಿರುತ್ತದೆ. ಇದು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಗಾಡಿಗಳಿಗೆ ಮಾಡಿದ್ದು, 100 ಪಿಎಸ್ಐ ಒತ್ತಡ ತಡೆಯುತ್ತದೆ. ಕಾರ್ಬುರೇಟರ್ ಗಾಡಿಗೆ ಅಷ್ಟು ಒತ್ತಡ ಬರುವುದೇ ಇಲ್ಲ. ನಾನು ತಗೊಂಡಿದ್ದು ಒಳಪದರಕ್ಕೋಸ್ಕರ. ಈಗ ಬಂಕಿನಲ್ಲಿ ಹಾಕುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ ಅಲ್ವಾ? ರಬ್ಬರನ್ನು ಮೆತ್ತಗೆ ಇಡಲು ಬೆರೆಸಿರುವ ಎಣ್ಣೆಯಂಥ ಅಂಶವನ್ನು ಅದು ಎಳೆದು ಹಾಕುತ್ತದೆ. ಗಾಡಿ ಸುಮ್ನೆ ನಿಂತು ಪೈಪ್ ಒಣಗಿದಾಗ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನನ್ನಂತೆ ವಾರಕ್ಕೊಮ್ಮೆ ಹಳೇ ಗಾಡಿ ತೆಗೆಯುವವರು ಇದನ್ನು ಮರೆಯಬಾರದು. ಅಡಿಗೆ ಬೆಲೆ ಜಾಸ್ತಿ, ನಿಜ. ಆದರೆ ಇಡೀ ಬಾನೆಟ್ ಕೆಳಗೆ ಬೇಕಾಗುವುದು ಕೆಲವೇ ಅಡಿ. ಬೆಂಕಿಯ ವಿಷಯದಲ್ಲಿ ಚೌಕಾಸಿ ಬೇಡ.

ಕ್ಲಿಪ್ಪನ್ನೂ ಬದಲಾಯಿಸಿದೆ. ಪಟ್ಟಿಯಲ್ಲಿ ಗೆರೆಗೆರೆ ತೂತಿರುವ ಸ್ಕ್ರೂ ಕ್ಲಿಪ್ ಬಿಗಿ ಮಾಡಿದಷ್ಟೂ ಸಣ್ಣ ಪೈಪನ್ನು ಕಚ್ಚುತ್ತದೆ. ಘಾಟಿಯಲ್ಲಿ ಸೀಳು ಶುರುವಾಗಿದ್ದೂ ಅಂಥ ಕಚ್ಚಿನ ಗುರುತಿನಿಂದಲೇ. ಈಗ ಒಳಮೈ ನುಣ್ಣಗಿರುವ, ನಟ್ಟು ಬೋಲ್ಟಿನ ಕ್ಲಿಪ್ ಇದೆ.

ಕೂಲಂಟ್ ಪೈಪಿಗೆ ಇಪಿಡಿಎಂ ರಬ್ಬರೇ ಸರಿ. ಸುಮಾರು 125 ಡಿಗ್ರಿ ಶಾಖ, ಕೂಲಂಟಿನಲ್ಲಿರುವ ಗ್ಲೈಕಾಲ್, ಎರಡನ್ನೂ ವರ್ಷಗಟ್ಟಲೆ ತಡೆಯುತ್ತದೆ. ಎಣ್ಣೆ ಮಾತ್ರ ಅದಕ್ಕೆ ಶತ್ರು. ನಮ್ಮ ಗಾಡಿಯ ಮೇಲಿನ ರೇಡಿಯೇಟರ್ ಪೈಪು ಒಂದು ಕಡೆ ಗಂಟಿನ ಹಾಗೆ ಊದಿತ್ತು. ಯಾಕೆ ಅಂತ ಹುಡುಕಿದರೆ ವಾಲ್ವ್ ಕವರ್ ಗ್ಯಾಸ್ಕೆಟ್ಟಿನಿಂದ ಆಯಿಲ್ ಜಿನುಗಿ ಅದೇ ಜಾಗಕ್ಕೆ ಇಳಿಯುತ್ತಿತ್ತು. ಮೊದಲು ಗ್ಯಾಸ್ಕೆಟ್ ಹಾಕಿಸಿದೆ, ಆಮೇಲೆ ಪೈಪ್. ಹೊಸ ಪೈಪ್ ಕೂರಿಸುವಾಗ ಗ್ಯಾರೇಜಿನ ಹುಡುಗ ಬೆರಳಿಗೆ ಗ್ರೀಸ್ ತಗೊಂಡ. "ಗ್ರೀಸ್ ಬೇಡಪ್ಪ, ಕೂಲಂಟನ್ನೇ ಒಂಚೂರು ಸವರು" ಅಂದೆ. ಸಲೀಸಾಗಿ ಜಾರಿ ಕೂತಿತು.

ಹಳೇ ಕೂಲಂಟ್ ಪೈಪ್ ಹೊರಗಿನಿಂದ ಹೊಳೆಯುತ್ತಿದ್ದರೂ ನಂಬಬೇಡಿ. ಅದು ಒಳಗಿನಿಂದ, ಅದರಲ್ಲೂ ತುದಿಗಳ ಹತ್ತಿರ, ಉದ್ದುದ್ದ ಸೀಳುತ್ತದೆ. ಇಂಜಿನ್ ತಣ್ಣಗಿರುವಾಗ ಕ್ಲಿಪ್ಪಿನಿಂದ ಒಂದೆರಡು ಇಂಚು ಜಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿ. ನಡುಭಾಗಕ್ಕಿಂತ ತುದಿ ಮೆತ್ತಗಿದ್ದರೆ, ಒಳಗೆ ಗೀರುಗಳು ಸಿಕ್ಕಿದಂತಾದರೆ ಬದಲಾಯಿಸಿ.

ಸಿಲಿಕೋನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಶಾಖಕ್ಕೆ ಅದು ಗಟ್ಟಿಗ, 180 ಡಿಗ್ರಿ ಹತ್ತಿರದಲ್ಲೂ ನಿಲ್ಲುತ್ತದೆ. ಕೂಲಂಟಿಗೂ ಹಾಕಬಹುದು. ಆದರೆ ನೀರಿನ ಹಬೆ ಅದರ ಗೋಡೆ ಮೂಲಕ ನಿಧಾನಕ್ಕೆ ಹೊರಗೆ ಹೋಗುವುದರಿಂದ ಕೂಲಂಟ್ ಮಟ್ಟ ಆಗಾಗ ನೋಡುತ್ತಿರಬೇಕು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಸಣ್ಣ ವ್ಯಾಕ್ಯೂಮ್ ಪೈಪಿಗೆ ದಪ್ಪ ಗೋಡೆಯ ಸಿಲಿಕೋನ್ ಹಾಕಿದ್ದೇನೆ, ಚೆನ್ನಾಗಿದೆ. ಇಂಜಿನ್ನಿನೊಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿಗೆ ಹಾಕಿದ್ದು ಮಾತ್ರ ತಪ್ಪಾಯಿತು. 6 ತಿಂಗಳಲ್ಲಿ ಆಯಿಲ್ ಹಬೆ ಕುಡಿದು ಹೊರಮೈಯೆಲ್ಲಾ ಜಿಡ್ಡು, ತುದಿ ಸಡಿಲ. ಈಗ ಅಲ್ಲಿ ನೈಟ್ರೈಲ್ ಇದೆ. ತಮ್ಮನ ಕಾರಿಗೆ, ಇಂಜಿನ್ನಿನ ಎಳೆತದಿಂದ ಬ್ರೇಕ್ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಇದೆ. ಅದರ ಪೈಪಿಗೆ ಬೇರೆ ಯಾವುದನ್ನೂ ಕತ್ತರಿಸಿ ಹಾಕಬೇಡ, ಕಂಪನಿಯದ್ದೇ ತಗೋ ಅಂತ ಅವನಿಗೆ ಹೇಳಿದ್ದೇನೆ. ತೆಳು ಪೈಪಾದರೆ ಎಳೆತಕ್ಕೆ ಒಳಗೆ ಅಪ್ಪಚ್ಚಿಯಾಗುತ್ತದೆ, ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಎಲ್ಲಾ ಮುಗಿಸಿ ಧರ್ಮಸ್ಥಳಕ್ಕೆ ಹೋಗಿ ಬಂದೆವು. ಮಾರನೇ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಒಂದೊಂದೇ ಕ್ಲಿಪ್ ಮುಟ್ಟಿ ನೋಡಿದೆ. ರೇಡಿಯೇಟರಿನದು ಎರಡು ಕ್ಲಿಪ್ ಕಾಲು ಸುತ್ತು ಬಿಗಿ ಕೇಳಿದವು. ಪೆಟ್ರೋಲ್ ಪೈಪಿನ ಕೆಳಗೆ ಬಿಳಿ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟಿದ್ದೆ. ಒಂದು ಕಲೆಯೂ ಇರಲಿಲ್ಲ. ಹಿಂದೆ ಟ್ಯಾಂಕಿನ ಹತ್ತಿರದ ಪೈಪ್‌ಗಳು ಇನ್ನೂ ಬಾಕಿ ಇವೆ.