ಉಗುರಿನ ಮೇಲೆ ನಿಂತ ನೀರಿನ ಹನಿ

ನಾನು ಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬಸುರಿಯರು ತಪಾಸಣೆಗೆ ಬಂದರೆ ಮೊದಲು ಕಣ್ಣಿನ ಕೆಳರೆಪ್ಪೆ, ಆಮೇಲೆ ಉಗುರು ನೋಡುತ್ತೇನೆ. ನನ್ನ ಉಗುರನ್ನು ಮಾತ್ರ ಗಮನಿಸಿರಲಿಲ್ಲ.

ಒಂದು ದಿನ ಪಾತ್ರೆ ತೊಳೆದು ಎದ್ದಾಗ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ನೀರು ನಿಂತಿತ್ತು. ಉಬ್ಬಿದ ಉಗುರಾದರೆ ಹನಿ ಜಾರಿಹೋಗುತ್ತದೆ. ನನ್ನದು ಚಮಚದ ಹಾಗೆ ನಡುವೆ ತಗ್ಗಾಗಿ, ಅಂಚು ಮೇಲೆದ್ದಿತ್ತು. ಕಬ್ಬಿಣಾಂಶ ತುಂಬ ಕಡಿಮೆಯಾದಾಗ ಹೀಗಾಗುತ್ತದೆ ಅಂತ ನರ್ಸಿಂಗ್ ಓದುವಾಗಲೇ ಕಲಿತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು, ಎಲ್ಲ ಆಗ ನೆನಪಾಯಿತು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿತ್ತು. ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ನೆ ಇದ್ದುಬಿಟ್ಟಿದ್ದೆ.

ಉಗುರು ನೋಡಿದ್ದೇ ಮಾತ್ರೆ ನುಂಗಬಾರದು. ಸದಾ ಸೋಪಿನ ನೀರಲ್ಲಿ ಕೈಯಾಡಿಸುವವರ ಉಗುರೂ ಹೀಗಾಗಬಹುದು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 8.1 ಬಂತು. ಬಸುರಿಯಲ್ಲದ ಹೆಂಗಸಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು, ಮುಟ್ಟಿನ ತೊಂದರೆಗೂ ಚಿಕಿತ್ಸೆ ಶುರು ಮಾಡಿದರು.

ನನಗೆ ಕಷ್ಟವಾದದ್ದು ಊಟದ ಬೆನ್ನಿಗೆ ಟೀ ಕುಡಿಯುವುದನ್ನು ಬಿಡುವುದು. ಟೀ ಇದ್ದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡೆ. ಮಲ ಕಪ್ಪಗಾಯಿತು. ಅದು ಮಾತ್ರೆಯಿಂದ ಆಗುವಂಥದ್ದೇ. ಅದಕ್ಕೆ ಹೆದರಿ ಎಷ್ಟೋ ಜನ ಮಾತ್ರೆ ನಿಲ್ಲಿಸುತ್ತಾರೆ, ನೋಡಿ ಸಂಕಟವಾಗುತ್ತದೆ.

ಉಗುರಿನ ಬಗ್ಗೆ ಆಸ್ಪತ್ರೆಯಲ್ಲಿ ಜಾಸ್ತಿ ಕೇಳುವುದು ಬಿಳಿ ಚುಕ್ಕೆಯ ವಿಷಯ. ಕ್ಯಾಲ್ಸಿಯಂ ಕಡಿಮೆಯೇ ಅಂತ ಎಲ್ಲರಿಗೂ ಅನುಮಾನ. ಹೆಚ್ಚಿನ ಸಲ ಅದು ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು ಅಷ್ಟೇ. ನಾನು ಹೆದರುವುದು ಬೆರಳ ತುದಿ ಊದಿ, ಉಗುರು ಗಿಣಿಯ ಕೊಕ್ಕಿನಂತೆ ಬಾಗಿದ್ದರೆ. ಎರಡೂ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿದಾಗ ನಡುವೆ ಸಣ್ಣ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿದ್ದರೆ ಶ್ವಾಸಕೋಶ, ಹೃದಯದ ಪರೀಕ್ಷೆಗೆ ಕಳಿಸುತ್ತೇನೆ.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದು ಬರಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಮೂರನೇ ತಿಂಗಳಿಗೆ ನನ್ನ ಹಿಮೋಗ್ಲೋಬಿನ್ 12 ದಾಟಿತು. ಆಗಲೂ ಉಗುರಿನ ಬುಡದ ಅರ್ಧ ಉಬ್ಬಿ, ತುದಿಯ ಅರ್ಧ ತಗ್ಗಾಗಿಯೇ ಇತ್ತು. ಮಾತ್ರೆಯನ್ನು ಇನ್ನೂ ಮೂರು ತಿಂಗಳು ನುಂಗಿದೆ. ರಕ್ತ ಏರಿದ ಮೇಲೂ ಮೈಯೊಳಗಿನ ಕಬ್ಬಿಣಾಂಶದ ದಾಸ್ತಾನು ತುಂಬಬೇಕಲ್ವಾ?