ಹಳೇ ಕಾರಿನ ಕ್ಲಚ್ ಜಾರುತ್ತಿತ್ತು: ಗೇರ್‌ಬಾಕ್ಸ್ ಇಳಿಸೋ ಮೊದಲು ನಾನು ನೋಡಿದ್ದು

ಕಾರಿಗೆ ಪಿಕಪ್ ಇಲ್ಲ ಅನಿಸಿದಾಗ ಎಲ್ಲರೂ ಇಂಜಿನ್ ಮೇಲೆ ಅನುಮಾನ ಪಡ್ತಾರೆ. ಆದರೆ ಇಂಜಿನ್ನಿಗೇ ಶಕ್ತಿ ಕಡಿಮೆಯಾಗಿದ್ದರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನೋ ಲೆಕ್ಕ) ಏರೋದಕ್ಕೂ ಒದ್ದಾಡುತ್ತದೆ. ನನ್ನ ಕಾರಿನ ಕಥೆ ಉಲ್ಟಾ. ಏರಿನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ಮೊದಲಿನ ವೇಗದಲ್ಲೇ ಹೋಗುತ್ತಿತ್ತು. ಅಂದರೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸೋ ಕ್ಲಚ್ ಸರಿಯಾಗಿ ಹಿಡಿಯದೆ ಜಾರುತ್ತಿತ್ತು.

ಫಸ್ಟ್ ಗೇರಲ್ಲಿ ಸುಮ್ನೆ ಓಡಿಸಿ ನೋಡಿದರೆ ಇದು ಗೊತ್ತಾಗಲ್ಲ. ಸಣ್ಣ ಗೇರಲ್ಲಿ ಕಾರು ಸಲೀಸಾಗಿ ಮುಂದೆ ನುಗ್ಗುತ್ತದೆ. ದೊಡ್ಡ ಗೇರಲ್ಲಿ ಇಂಜಿನ್ನಿನ ಪೂರ್ತಿ ಜೋರು ಜಾಸ್ತಿ ಹೊತ್ತು ಕ್ಲಚ್ ಮೇಲೇ ಬೀಳುತ್ತದೆ. ಅದಕ್ಕೇ ಜಾರಾಟ ಮೊದಲು ಕಾಣಿಸೋದು ಅಲ್ಲೇ.

ಹಾಗಾಗಿ ಖಾಲಿ ರಸ್ತೆಯಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಪಕ್ಕದಲ್ಲಿ ಕೂತವರಿಗೆ ಎರಡೂ ಮುಳ್ಳು ನೋಡೋಕೆ ಹೇಳಿದ್ದೆ. ಗೇರ್ ಬದಲಾಗದಿದ್ದರೆ ವೇಗ ಮತ್ತು ಆರ್‌ಪಿಎಂ ಜೊತೆಜೊತೆಗೇ ಏರಬೇಕು. 50 ಕಿ.ಮೀ.ಗೆ 2000 ಇದ್ದರೆ, 60ಕ್ಕೆ 2400. ಬೇರೆ ದಾರಿಯೇ ಇಲ್ಲ. ನನ್ನ ಕಾರಲ್ಲಿ ಆರ್‌ಪಿಎಂ 3000 ದಾಟಿದರೂ ವೇಗ 50ರ ಆಸುಪಾಸಲ್ಲೇ ಇತ್ತು. ಜೊತೆಗೆ ಸುಟ್ಟ ವಾಸನೆ ಬೇರೆ.

ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿ, ಮೂರನೇ ಗೇರಲ್ಲಿ ಕ್ಲಚ್ ಬಿಟ್ಟು ನೋಡುವ ಪರೀಕ್ಷೆಯೂ ಇದೆ. ಕ್ಲಚ್ ಸರಿಯಿದ್ದರೆ ಇಂಜಿನ್ ತಕ್ಷಣ ಆಫ್ ಆಗುತ್ತದೆ. ಆಗದೆ ಗುರುಗುಡುತ್ತಲೇ ಇದ್ದರೆ ಜಾರುತ್ತಿದೆ ಅಂತ. ಮುಂದೆ ಯಾರೂ ನಿಂತಿರಬಾರದು. ಪದೇ ಪದೇ ಮಾಡಲೂಬಾರದು, ಅಳಿದುಳಿದ ಕ್ಲಚ್ಚೂ ಸುಟ್ಟುಹೋಗುತ್ತದೆ. ನನಗೆ ರಸ್ತೆಯ ಪರೀಕ್ಷೆಯ ಮೇಲೇ ನಂಬಿಕೆ ಜಾಸ್ತಿ.

ಜಾರುತ್ತಿದೆ ಅಂದ ಮಾತ್ರಕ್ಕೆ ಕ್ಲಚ್ ಪ್ಲೇಟ್ (ಇಂಜಿನ್ನಿನ ಜೊತೆ ಸುತ್ತೋ ಫ್ಲೈವೀಲ್ ಚಕ್ರಕ್ಕೆ ಒತ್ತಿ ಹಿಡಿಯೋ ತಟ್ಟೆ) ಸವೆದಿದೆ ಅಂತಲ್ಲ. ಪ್ಲೇಟ್ ಚೆನ್ನಾಗಿದ್ದೂ ಅದನ್ನು ಪೂರ್ತಿ ಹಿಡಿಯೋಕೆ ಏನೋ ಬಿಡ್ತಾ ಇಲ್ಲದಿರಬಹುದು, ಅಲ್ವಾ? ನನ್ನದು ಕೇಬಲ್ ಕ್ಲಚ್, ಅಂದರೆ ಪೆಡಲ್ ಒತ್ತಿದರೆ ಒಂದು ತಂತಿ ಕ್ಲಚ್ಚನ್ನು ಬಿಡಿಸುತ್ತದೆ. ಪೆಡಲನ್ನು ಬೆರಳಿಂದ ಒತ್ತಿದರೆ ಮೊದಲು ಒಂದಿಷ್ಟು ಸಡಿಲವಾಗಿ ಹೋಗಿ, ಆಮೇಲೆ ಬಿಗಿಯಾಗಬೇಕು. ನನ್ನದರಲ್ಲಿ ಆ ಸಡಿಲ ಇರಲೇ ಇಲ್ಲ. ಪ್ಲೇಟ್ ಸವೆಯುತ್ತಾ ಹೋದ ಹಾಗೆ ಕೇಬಲ್ ತಾನಾಗೇ ಬಿಗಿಯಾಗುತ್ತದೆ. ಆಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟಿನ ಮೇಲೆ ಸದಾ ಒರಗಿಕೊಂಡೇ ಇರುತ್ತದೆ. ನಾವೇ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಿದ ಹಾಗೆ.

ಗೇರ್‌ಬಾಕ್ಸಿನ ಕ್ಲಚ್ ಲಿವರ್ ಹತ್ತಿರ ಕೇಬಲ್ ಅಡ್ಜಸ್ಟ್ ಮಾಡೋ ನಟ್ ಸ್ವಲ್ಪ ಸಡಿಲಿಸಿದೆ. ಪೆಡಲಲ್ಲಿ ಎರಡು ಬೆರಳಿನಷ್ಟು ಆಟ ಬಂತು. ಹತ್ತಿರ ಹತ್ತಿರ ಅಷ್ಟೇ. ಸರಿಯಾದ ಅಳತೆ ಆಯಾ ಕಾರಿನ ಪುಸ್ತಕದಲ್ಲಿರುತ್ತದೆ. ಜಾರಾಟ ಕಡಿಮೆಯಾಯಿತು, ಆದರೆ ಏರಿನಲ್ಲಿ ಜಾರೋದು ಪೂರ್ತಿ ನಿಲ್ಲಲಿಲ್ಲ.

ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡೋ ಹೈಡ್ರಾಲಿಕ್ ಕ್ಲಚ್ ಇರೋರು ಬೇರೆ ಥರ ನೋಡಬೇಕು. ಹಳೇ ಹೋಸ್ ಒಳಗೇ ಉಬ್ಬಿಕೊಂಡರೆ ಪೆಡಲ್ ಬಿಟ್ಟರೂ ಒತ್ತಡ ಪೂರ್ತಿ ಇಳಿಯದೆ ಉಳಿಯಬಹುದು. ಆ ದ್ರವವನ್ನು ಹೊರಬಿಡೋ ಬ್ಲೀಡ್ ನಿಪ್ಪಲ್ ಸಡಿಲಿಸಿದ ಕೂಡಲೇ ಕ್ಲಚ್ ಹಿಡಿದರೆ ತಪ್ಪು ಪ್ಲೇಟಿನದಲ್ಲ.

ಕೊನೆಗೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ಟಾರ್ಚ್ ಹಾಕಿದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳದಲ್ಲಿ ಎಣ್ಣೆ ಜಿನುಗಿದ್ದರೆ ಪ್ಲೇಟಿಗೂ ಎಣ್ಣೆ ತಾಗಿರುವ ಸಾಧ್ಯತೆ ಇದೆ. ಹಾಗಿದ್ದರೆ ಎಣ್ಣೆ ಸೋರದಂತೆ ತಡೆಯೋ ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿ ಉಪಯೋಗವಿಲ್ಲ. ಗೇರ್ ಆಯಿಲ್ ಆದರೆ ಮೂಗಿಗೆ ಹೊಡೆಯೋ ಗಂಧಕದ ವಾಸನೆ ಇರುತ್ತದೆ, ಇಂಜಿನ್ ಆಯಿಲಿಗೆ ಅದಿರಲ್ಲ. ನನ್ನದು ಒಣಗಿತ್ತು. ಬರೀ ಕಪ್ಪು ಧೂಳು.

ಅಷ್ಟಾದ ಮೇಲೇ ಗ್ಯಾರೇಜಿಗೆ ಹೋಗಿ ಗೇರ್‌ಬಾಕ್ಸ್ ಇಳಿಸೋಕೆ ಹೇಳಿದೆ. ಪ್ಲೇಟಿನ ಲೈನಿಂಗ್ (ಹಿಡಿತ ಕೊಡೋ ಮೇಲಿನ ಪದರ) ಅದನ್ನು ಕೂರಿಸಿದ ರಿವೆಟ್ ತಲೆಯ ಮಟ್ಟಕ್ಕೆ ಸವೆದಿತ್ತು. ಫ್ಲೈವೀಲ್ ಮೇಲೆ ಕಾಯ್ದ ನೀಲಿ ಮಚ್ಚೆಗಳಿದ್ದವು, ಗೀರು ಇರಲಿಲ್ಲ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿದೆವು. ಒಂದನ್ನು ಉಳಿಸೋಕೆ ಹೋದರೆ ಮತ್ತೆ ಇಷ್ಟೇ ಬಿಚ್ಚಬೇಕಲ್ಲ. ಹೊಸ ಪ್ಲೇಟಿಗೆ ಕೇಬಲ್ ಕೂಡ ಹೊಸದಾಗಿ ಅಡ್ಜಸ್ಟ್ ಮಾಡಿಸಿದೆ. ಹೊಸ ಪ್ಲೇಟ್ ಫ್ಲೈವೀಲಿಗೆ ಸರಿಯಾಗಿ ಹೊಂದಿ ಕೂರುವವರೆಗೆ ಭಾರ ಹೇರದೆ, ಏರಿನಲ್ಲಿ ಬ್ರೇಕ್ ಬದಲು ಅರ್ಧ ಕ್ಲಚ್ ಹಿಡಿದು ಕಾರು ನಿಲ್ಲಿಸದೆ ಓಡಿಸಿದೆ.