ಅನಿಸಾಪ್ಸ್ ಮುಂಗಾಲಿನ ಹಣಿಗೆಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಎಣಿಸಿದ ಬಗೆ

ಅಂಗಾತ ಈಜುವ ಅನಿಸಾಪ್ಸ್ ತಿಗಣೆಗಳಲ್ಲಿ ಗಂಡು ಸದ್ದು ಹುಟ್ಟಿಸಲು ಬಳಸುವ, ಪ್ರಭೇದ ಗುರುತಿಸಲು ನೆರವಾಗುವ ಮುಂಗಾಲಿನ ಹಣಿಗೆಯ ಹಲ್ಲುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿಲ್ಲದೆ ನಂಬುವಂತೆ ಎಣಿಸಲಾಗದು ಎಂದು ಈ ಕೆಲಸದಲ್ಲಿ ಪಳಗಿದವರೇ ಹೇಳುತ್ತಿದ್ದರು. ಈಗ ನಾನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲೇ ಎಣಿಸುತ್ತಿದ್ದೇನೆ. ಅನುಮಾನಪಟ್ಟವರು ಅದೇ ಸ್ಲೈಡನ್ನು ನೋಡಿ ಎಣಿಸಿದಾಗಲೂ ಲೆಕ್ಕ ತಾಳೆಯಾಗಿದೆ.

ಕೈಕೊಟ್ಟದ್ದು ರೂಢಿಯ ವಿಧಾನವೇ. ಕಾಲನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕುದಿಸಿ ಕವರ್ ಸ್ಲಿಪ್ ಒತ್ತಿದರೆ, ಟಿಬಿಯಾದ (ಮೊಣಕಾಲಿನ ಕೆಳಗಿನ ಖಂಡದ) ಬುಡದ ಒಳಮಗ್ಗುಲಲ್ಲಿರುವ ಹಣಿಗೆ ಮಗುಚಿಕೊಂಡು, ಅಂಚಿನ ಸಣ್ಣ ಹಲ್ಲುಗಳು ದೊಡ್ಡವುಗಳ ಅಡಿಗೆ ಸರಿದುಬಿಡುತ್ತಿದ್ದವು. ಹೀಗೆ ಹಾಳಾದ ಮಾದರಿಗಳಲ್ಲಿ ಕೆಲವು ಮತ್ತೆ ಸಿಗುವಂಥವಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಕಟ್ಟಿದ್ದರಲ್ಲಿ ಒಂದು ವರ್ಷದ ಹಣದ ಅರ್ಧದಷ್ಟು ಕರಗಿತು. ಬಂದ ಬೆರಳೆಣಿಕೆಯ ಚಿತ್ರಗಳಲ್ಲೂ ಕೆಲವೆಡೆ ರೋಮಗಳು ಹಣಿಗೆಯನ್ನು ಮರೆಮಾಡಿದ್ದವು, ಲೋಹದ ಲೇಪ ಬಿದ್ದು ಅಂಟಿಸಿದ ಕಾಲನ್ನು ಹೊರಳಿಸಿ ನೋಡುವಂತೆಯೂ ಇರಲಿಲ್ಲ.

ಈಗ ಕುದಿಸುವುದನ್ನೇ ಬಿಟ್ಟಿದ್ದೇನೆ. ಮುಂಗಾಲನ್ನು ಫೀಮರ್ (ತೊಡೆಯ ಖಂಡ) ಸಮೇತ ಬಿಡಿಸಿ, ತಣ್ಣನೆಯ, ತೆಳುವಾದ ದ್ರಾವಣದಲ್ಲಿ ಸ್ನಾಯು ಸಡಿಲವಾಗುವಷ್ಟು ಹೊತ್ತು ಮಾತ್ರ ಇಟ್ಟು, ಚೆನ್ನಾಗಿ ತೊಳೆದು, ಗುಳಿಯಿರುವ ಸ್ಲೈಡಿನಲ್ಲಿ ಗ್ಲಿಸರಿನ್ ಹನಿಯೊಳಗೆ ಕೂರಿಸುತ್ತೇನೆ. ಕವರ್ ಸ್ಲಿಪ್ ಹಾಕುವುದಿಲ್ಲ. ಕಾಲನ್ನು ಸೂಜಿಯಿಂದ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಹಲ್ಲುಗಳು ಒಂದರ ಪಕ್ಕ ಒಂದರಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ಒಂದೊಂದರ ನೆರಳೂ ಬೇರೆಯಾಗಿ ಕಾಣುತ್ತದೆ. ಬೆಳಕನ್ನು ಕೆಳಗಿನಿಂದಲ್ಲ, ಬದಿಯಿಂದ ಬಿಡಬೇಕು. ಅದರ ಓರೆಯನ್ನೂ ಗ್ಲಿಸರಿನ್ನಿಗೆ ನಾನು ಬೆರೆಸುವ ವಸ್ತುವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇಷ್ಟರಿಂದಲೇ ಎಡ–ಬಲ ಕಾಲುಗಳ ಲೆಕ್ಕ ಹೆಚ್ಚೂಕಡಿಮೆ ಒಂದೆರಡು ಹಲ್ಲುಗಳ ಅಂತರದಲ್ಲಿ ಕೂಡಿಬರುತ್ತದೆ.

ಇದರ ನಡುವೆ ಕೊರಿಕ್ಸಿಡೇ ಎಂಬ ಇನ್ನೊಂದು ನೀರುತಿಗಣೆ ಕುಟುಂಬದ ಕಾಲುಗಳನ್ನೂ ಇದೇ ರೀತಿ ಕೂರಿಸಿ ನೋಡಿದೆ. ಅಲ್ಲಿ ಸದ್ದು ಹುಟ್ಟುವುದು ಮುಂಗಾಲಿನ ಫೀಮರ್ ಮೇಲಿನ ಸಣ್ಣ ಗೂಟಗಳು ತಲೆಯ ಅಂಚಿಗೆ ಉಜ್ಜಿದಾಗ; ಹಿಂದೆ ಸದ್ದಿಗೆಂದೇ ಭಾವಿಸಿದ್ದ ‘ಪಾಲಾ’ ಎಂಬ ಮುಂಗಾಲಿನ ತುದಿಯ ಖಂಡದ ಗೂಟಗಳು ಕೂಡುವಾಗ ಹೆಣ್ಣನ್ನು ಹಿಡಿಯಲು ಬಳಕೆಯಾಗುತ್ತವೆ. ಫೀಮರಿನ ಗೂಟಗಳು ಬದಿಬೆಳಕಿನಲ್ಲಿ ಸೊಗಸಾಗಿ ಕಂಡವು, ಆದರೆ ಸಾಲುಗಳು ಅಸ್ತವ್ಯಸ್ತವಾಗಿರುವುದರಿಂದ ಎಣಿಕೆಗೆ ಒಗ್ಗಲಿಲ್ಲ. ಮೈಕ್ರೊನೆಕ್ಟಾ ಷೋಲ್ಟ್‌ಸಿ ಎಂಬ ಪುಟ್ಟ ನೀರುತಿಗಣೆಯ ಗಂಡಿನಲ್ಲಿ ಸದ್ದು ಜನನಾಂಗದ ಭಾಗದಿಂದ ಬರುತ್ತದೆಂಬ ವಿವರಣೆ ಇರುವುದರಿಂದ ಅದರ ಕಾಲಿಗೆ ಕೈಹಾಕಲಿಲ್ಲ.

ವರ್ಗೀಕರಣದ ಮಟ್ಟಿಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಆಶ್‌ಲಾಕ್ ಮತ್ತು ಲ್ಯಾಟಿನ್ 1963ರಲ್ಲಿ ಬಳಕೆಗೆ ತಂದ ಸ್ಟ್ರಿಡ್ಯುಲಿಟ್ರಮ್ (ಸದ್ದು ಹುಟ್ಟಿಸುವ ಹಲ್ಲು-ಗೀರುಗಳ ಭಾಗ), ಪ್ಲೆಕ್ಟ್ರಮ್ (ಅದಕ್ಕೆ ಉಜ್ಜುವ ಭಾಗ) ಎಂಬ ಜೋಡಿಯಲ್ಲಿ ಒಂದನ್ನಷ್ಟೇ ವಿವರಿಸಿ ಪ್ರಭೇದ ಹೇಳುವುದು ಅರೆಬರೆ ಕೆಲಸ. ಅನಿಸಾಪ್ಸ್‌ನಲ್ಲಿ ಹಣಿಗೆಗೆ ಎದುರಾಗುವುದು ಹೀರುಕೊಳವೆಯ ಮೂರನೆಯ ಖಂಡದಿಂದ ಹೊರಟ ಮುಳ್ಳು. ಒಂದೇ ಪ್ರಭೇದದ ಗಂಡುಗಳಲ್ಲೂ ಹಲ್ಲಿನ ಸಂಖ್ಯೆ ತುಸು ಹೆಚ್ಚುಕಡಿಮೆ ಇರುವುದರಿಂದ, ಈ ಮುಳ್ಳಿನ ಉದ್ದ, ತುದಿಯ ಆಕಾರ ಮತ್ತು ಹಣಿಗೆ ಮೂರನ್ನೂ ಒಂದೇ ಪ್ರಾಣಿಯಿಂದ ದಾಖಲಿಸಿದಾಗಲೇ, ಒಂದೇ ಸೀಸೆಯಲ್ಲಿ ಬೆರೆತು ವರ್ಷಗಟ್ಟಲೆ ಹೆಸರಿಲ್ಲದೆ ಉಳಿದಿದ್ದ ಗಂಡುಗಳನ್ನು ನಾನು ಎರಡು ಗುಂಪಾಗಿ ಬೇರ್ಪಡಿಸಲು ಸಾಧ್ಯವಾದದ್ದು. ಆ ಸೀಸೆಯ ಹೆಣ್ಣುಗಳಿಗೆ ಈ ಹಣಿಗೆಯೇ ಇಲ್ಲದ ಕಾರಣ ಅವು ಇನ್ನೂ ಹಾಗೆಯೇ ಉಳಿದಿವೆ.